ಎಡಗಾಲಿಂದ ಮೂರು ಸಲ

ಏಳವಲ್ದು, ಹೆಬ್ಬೆರಳು ಏಳವಲ್ದು, ಇನ್ನೊಮ್ಮೆ ಎತ್ರಿ ಸರ್ ಅಂತೀನಿ, ಎತ್ತಾಕತ್ತೀನ್ರಿ ಮೇಡಂ ಅಂತಾನ, ಉಳದ ನಾಕು ಬೆರಳು ಜರಾ ಅಳ್ಳಾಡತಾವ, ಬಲಗಾಲಿನ ಹೆಬ್ಬೆರಳು ಮಾತ್ರ ಇದ್ದಲ್ಲೇ ಐತಿ, ಉಗುರು ಚಂದಂಗ ಕತ್ತರಿಸ್ಯಾನ, ಹಿಮ್ಮಡ ಒಂದೀಟೂ ಒಡದಿಲ್ಲ, ಬೂಟಿನೊಳಗ ಬೆಳದ ಕಾಲು — ಎಡಗಾಲಿಂದೂ ನೋಡಿದೆ, ಅದು ಅರ್ಧಕ್ಕ ಎದ್ದು ಬಿತ್ತು. ಗ್ವಾಡಿ ಮ್ಯಾಲಿನ ಗಡಿಯಾರ ಒಂಬತ್ತು ಹೊಡದು ಹತ್ತು ನಿಮಿಷ ತೋರಸ್ತೈತಿ, ಹೊರಗ ಗುಡಗೇರಿ ಸ್ಟೇಶನ್ ರೋಡಿನ್ಯಾಗ ಇಂವನ ಸಂಗಾತಿ ಮಂದಿ ಹತ್ತು ಸೈಕಲ್ ಸಾಲಾಗಿ ನಿಲ್ಲಿಸಿ ಚಾ ಕುಡ್ಯಾಕತ್ತಾರ, ರವಿವಾರಕ್ಕೊಮ್ಮೆ ಹುಬ್ಬಳ್ಳಿಂದ ತುಳಕೊಂತ ಬರ್ತಾರ, ಮೈಗೆ ಅಂಟಿದ ಚೊಣ್ಣ, ತಲಿ ಮ್ಯಾಲೆ ಹೆಲ್ಮೆಟ್, ಎದಿ ಎಷ್ಟು ಸಲ ಬಡೀತು ಅಂತ ಹೇಳೂ ಗಡಿಯಾರ ಕೈಯಾಗ, ಆರು ದಿನ ಖುರ್ಚಿ ಬಿಟ್ಟು ಏಳೂದಿಲ್ಲ, ಏಳನೇ ದಿನ ಎಪ್ಪತ್ತು ಕಿಲೋಮೀಟರ್, ಆಮ್ಯಾಲೆ ಮಣಕಾಲ ನೋವು ಟೊಂಕ ನೋವು ಅಂತ ನನ್ನ ಬಾಗಲಾ ಬಡೀತಾರ, ದಿನಾ ಹತ್ತು ನಿಮಿಷ ನಾ ಹೇಳಿದ್ದು ಮಾಡ್ರಿ, ಗ್ವಾಡಿಗೆ ಕೈ ಕೊಟ್ಟು ಮೀನಖಂಡ ಎಳೀರಿ, ಕೈ ಊರದ ಖುರ್ಚಿಯಿಂದ ಹತ್ತು ಸಲ ಏಳ್ರಿ ಅಂದ್ರ ಹೂಂ ಅಂತಾರ, ಮಾಡೂದಿಲ್ಲ, ಮುಂದಿನ ರವಿವಾರ ಮತ್ತ ಅದ ನೋವು ಹೊತಗೊಂಡು ಬರ್ತಾರ. ಇವತ್ತು ಇಂವ ಬಂದಾನ. ಕುಬಿಹಾಳ ಕಡಿಂದ ಸುತ್ತ ಹಾಕ್ಕೊಂಡು ಬರೂ ಮುಂದ ಮುಂದಿನ ಗಾಲಿ ತಗ್ಗಿನ್ಯಾಗ ಇಳದು ಎಗರಿ ಬಿದ್ದಾನ, ಟಂಟಂ ಗಾಡ್ಯಾಗ ಹಾಕ್ಕೊಂಡು ತಂದು ನನ್ನ ಮಂಚದ ಮ್ಯಾಲೆ ಅಂಗಾತ ಮಲಗಿಸ್ಯಾರ, ಸುಭಾಸ ಸರ್, ನಮ್ಮ ಸಾಲಿ ಪಿ.ಟಿ. ಮಾಸ್ತರ, ಇಪ್ಪತ್ತೆರಡು ವರ್ಷ ಆದ ಮ್ಯಾಲೆ ತಾನಾಗೇ ಬಂದು ನನ್ನ ಕೈಯಾಗ ಬಿದ್ದಾನ.

ಮಾರಿ ನೋಡಿ ಗುರ್ತು ಹತ್ತಲಿಲ್ಲ, ಮಾರಿ ಸುಕ್ಕಾಗೈತಿ, ಮೀಸಿ ತಗಸ್ಯಾನ, ಗುರ್ತು ಹತ್ತಿದ್ದು ಮಾತಿನಿಂದ, ಟಂಟಂನಿಂದ ಇಳಸೂ ಮುಂದ ಕಿರಣಕುಮಾರ, ಈ ಸೈಕಲ್ ಮಂದಿಗೆಲ್ಲಾ ಮುಂದಾಳು ಅಂವ, ಸರ್ ಜರಾ ಕಾಲ ಊರ್ರಿ ಅಂದ, ಅದಕ ಇಂವ, ನಾಟಕ ಮಾಡಾಕತ್ತಿಲ್ಲೋ ಮಾರಾಯಾ, ಖರೇನ ಊರಾಕ ಬರವಲ್ದು ಅಂದ. ನಾಟಕ. ಆ ಮಾತು ಆ ದನಿಲೆ ಕಿವಿಗೆ ಬಿದ್ದ ಕೂಡಲೇ ನನ್ನ ಬಲ ಮಣಕಾಲು ಕಟಕ್ ಅಂತು, ಖರೇನ ಅಂತೋ ನನಗ ಹಂಗ ಅನಿಸ್ತೋ ಗೊತ್ತಿಲ್ಲ. ಇಂವಗ ನನ್ನ ಗುರ್ತಿಲ್ಲ, ಬಿಳಿ ಕೋಟು, ಚಷ್ಮಾ, ತಲಿ ಮ್ಯಾಲೆ ಓಢಣಿ, ಇಂವನ ಪಾಲಿಗೆ ನಾ ಹಳ್ಳಿ ಫಿಜಿಯೋಥೆರಪಿ ದವಾಖಾನಿ ಮೇಡಂ. ಕೇಳಬೇಕಾದ್ದೆಲ್ಲಾ ಕೇಳಿದೆ, ಎಲ್ಲೆಲ್ಲಿ ಜುಮು ಜುಮು ಅಂತೈತ್ರಿ ಸರ್, ಕಾಲಾಗಷ್ಟ ಏನು ಕುಂದ್ರೂ ಜಾಗಾದಾಗೂ ಏನು, ಅದಕ ನಕ್ಕ, ಅಯ್ಯ ಅದು ಸೀಟಿಂದ್ರಿ ಮೇಡಂ, ಸೈಕಲ್ ಸೀಟು ಬಿರುಸು, ಎರಡು ತಾಸು ಕುಂತ್ರ ನಮಗೆಲ್ಲಾರಿಗೂ ಹಂಗ ಆಗತೈತಿ. ಈ ಸೈಕಲ್ ಮಂದಿ ಇದೊಂದು ತಪ್ಪು ಮಾಡತಾರ, ಅಲ್ಲೆ ಏನು ಮರಗಟ್ಟಿದ್ರೂ ಸೀಟಿನ ಮ್ಯಾಲೆ ಹಾಕತಾರ, ಹತ್ತಿ ಉಂಡಿ ತೊಡಿ ಒಳಗ ಮುಟ್ಟಿಸಿದೆ, ಗೊತ್ತಾತೇನ್ರಿ, ಮುಟ್ಟಸ್ರಿ ಮೇಡಂ ಅಂದ, ಮುಟ್ಟಿಸಿ ಆಗಿತ್ತು. ಉಚ್ಚಿಗೆ ಯಾವಾಗ ಹೋಗಿದ್ರಿ, ಮನಿ ಬಿಡೂ ಮುಂದ ಹೋಗಿದ್ದೆ, ಆಮ್ಯಾಲೆ ಎರಡು ಬಾಟ್ಲಿ ನೀರು ಕುಡದೀನಿ, ಬಿದ್ದ ಮ್ಯಾಲೆ ಗಿಡದ ಮರಿಗೆ ಹಿಡಕೊಂಡು ನಿಲ್ಲಿಸಿದ್ರು, ಬರಲಿಲ್ಲ. ಬರೂದಿಲ್ಲ ಸರ್. ಬೆನ್ನ ಮಣಿ ನಡುವಿನ ಗಾದಿ ಜಾರಿ ಕೆಳಗಿನ ನರದ ಗೊಂಚಲದ ಮ್ಯಾಲೆ ಕುಂತೈತಿ, ಇಂಥಾದ್ದು ಕಂಡ್ರ ತಿಕ್ಕಬಾರದು, ಎಳೀಬಾರದು, ಚೀಟಿ ಬರದು ಆ ಗಳಿಗಿಗೇ ಹುಬ್ಬಳ್ಳಿಗೆ ಕಳಸಬೇಕು, ಇವತ್ತ ಆಪರೇಶನ್ ಆಗಬೇಕು, ತಡಾ ಆದಷ್ಟೂ ಕಾಲು ಹೋತು, ಉಚ್ಚಿ ಮ್ಯಾಲಿನ ಹಿಡತಾ ಹೋತು, ಬಾಕಿ ಆಯುಷ್ಯಕ್ಕ ನಳಿಗಿ ಮತ್ತ ಚೀಲಾ. ಒಂಬತ್ತು ಹದಿಮೂರಕ್ಕ ನನಗ ಎಲ್ಲಾ ಗೊತ್ತಾತು. ಚೀಟಿ ಪುಸ್ತಕ ಕೈ ಚಾಚಿದ್ರ ಸಿಗೂವಷ್ಟು ಬಾಜೂಕ ಇತ್ತು, ನಾ ಕೈ ಚಾಚಲಿಲ್ಲ.

ಹಿಂಗ ಮಲಗಿದ್ದು ನೋಡಬೇಕಂತ ಎಷ್ಟು ಸಲ ಬೇಡಕೊಂಡಿಲ್ಲ ನಾ, ಯಮನೂರ ದರ್ಗಾಕ್ಕ ಹ್ವಾದಾಗ ಎಲ್ಲಾರೂ ಮಕ್ಕಳು ಮರಿ ಬೆಳಿ ಬದುಕು ಬೇಡತಿದ್ರು, ನಾ ಕಣ್ಣು ಮುಚ್ಚಿ ಇಂವನ ಕಾಲು ಬೇಡತಿದ್ದೆ, ನಾಚಿಕಿ ಇಲ್ಲ ನನಗ ಹೇಳಾಕ, ಬೇಡಿದ್ದು ಹೌದು. ಅಲ್ಲೋ, ಕಾಲಿಂದೇ ಬಂತಲ್ಲ ಎಲ್ಲಾ, ಕಾಲ ಮುಂದಾಗಿ ಹುಟ್ಟಿದಾಕಿ ನಾ, ಅಮ್ಮಾ ಹೇಳತಾಳ, ಮೊದಲು ಬಂದದ್ದು ಎಡಗಾಲು, ಸೂಲಗಿತ್ತಿ ಹೆದರಿ ಅಲ್ಲಾ ಅಂದ್ಲಂತ, ಆಮ್ಯಾಲೆ ನಕ್ಕು, ಮಲಿಕಾಬಿ, ನಿನ್ನ ಮಗಳ ಬಾಗಲಿಗೆ ಊರೇ ಬರತೈತಿ ನೋಡು ಅಂದ್ಲಂತ. ಬಂತು. ಕಾಲ ಮುಂದಾಗಿ ಹುಟ್ಟಿದವರು ಒದ್ರ ಹಿಡದ ಟೊಂಕ ಬಿಡತೈತಿ ಅಂತ ನಮ್ಮ ಕಡೆ ನಂಬಿಗಿ, ಮೂರು ವರ್ಷದಾಕಿನ್ನ ಟೊಂಕದ ಮ್ಯಾಲೆ ಕುಂದರಿಸಿಕೊಂಡು ಒಯ್ತಿದ್ರು, ಗೌಡ್ರು ಕಟ್ಟಿ ಮ್ಯಾಲೆ ಬ್ವಾರಲ ಮಲಗಿರತಿದ್ರು, ಎಡಗಾಲಿಂದ ಮೂರು ಸಲ, ಒದಿಯೂ ಮುಂದ ಮಾತಾಡಬಾರದು, ಒದ್ದ ಮ್ಯಾಲೆ ಹಿಂದಕ್ಕ ತಿರುಗಿ ನೋಡಬಾರದು, ಚೂರು ಬೆಲ್ಲಾ, ಹಿಡಿ ಶೇಂಗಾ ಕೊಟ್ಟು ಕಳಸತಿದ್ರು. ಕಾಲು ತಗಲಿದ್ರ ಮೂರು ಸಲ ಎದಿಗೆ ಕೈ ಹಚ್ಚಿಕೊಳ್ಳೂ ಮಂದಿ ನನ್ನ ಕಾಲಿಗೆ ಬೆನ್ನು ಕೊಡತಿದ್ರು, ಅದೊಂದು ಮಜಾನ ಬ್ಯಾರೆ, ಈಗ ಓದಿದ ಮ್ಯಾಲೆ ಗೊತ್ತು, ಹಿಡದ ಟೊಂಕ ಒದ್ರೂ ಬಿಡತೈತಿ, ಸುಮ್ಮನ ಬಿಟ್ರೂ ನಾಕು ದಿನಕ್ಕ ಬಿಡತೈತಿ, ಹೆಸರು ಮಾತ್ರ ನನ್ನ ಕಾಲಿಗೆ ಬರತಿತ್ತು. ಆ ಕಾಲು ಓಡತಿತ್ತು ಸಹಿತ. ಅದನ್ನ ಮೊದಲು ಕಂಡಾಂವ ಇಂವನ, ಸುಳ್ಳು ಯಾಕ ಹೇಳಲಿ, ಬಾಜೂಕಿನ ಊರ ಹೈಸ್ಕೂಲಿಗೆ ಸೇರಿದ ಮೊದಲ ವಾರಾನ, ಏ ಹುಡುಗಿ, ಮೂಗಿಲೆ ಉಸುರು ತಗೋ, ಬಾಯಿಲೆ ಬಿಡು, ತೋಳು ಎದಿ ಮುಂದ ದಾಟಿಸಬ್ಯಾಡ, ಹಿಂದಿನವರನ್ನ ನೋಡಬ್ಯಾಡ, ಅಂತ ಕಲಿಸಿದಾಂವ ಇಂವನ, ಅದಕ್ಕ ಉರಿಯೂದು, ಕೆಟ್ಟ ಮಾಸ್ತರ ಆಗಿದ್ರ ಇಷ್ಟು ಉರೀತಿರಲಿಲ್ಲ.

ತಾಲೂಕಾ ಕ್ರೀಡಾಕೂಟ, ಸುಣ್ಣದ ಗೆರಿ ಹಾಕಿದ ಮೈದಾನ, ಮುಂಜಾನಿ ನಾಕನೂರು ಮೀಟರಿನ್ಯಾಗ ತಿರುವಿನ್ಯಾಗ ಕಾಲು ತಗ್ಗಿಗೆ ಇಳೀತು, ಮಣಕಾಲೊಳಗ ಟಪ್ ಅಂತ ಸಪ್ಪಳ ಆತು, ನಾ ಬೀಳಲಿಲ್ಲ, ಕುಂಟಕೊಂತ ಬಂದು ಗಿಡದ ಬುಡಕ ಕುಂತೆ, ನೋಡ ನೋಡತಿದ್ದಂಗ ಮಣಕಾಲು ಬದನಿಕಾಯಿ ಹಂಗ ಊದಿತು. ಮಧ್ಯಾಹ್ನ ಎಂಟುನೂರು ಮೀಟರ್ ಫೈನಲ್, ನಮ್ಮ ಸಾಲಿಗೆ ಶೀಲ್ಡ್ ಬರಾಕ ಮೂರು ಪಾಯಿಂಟ್ ಕಮ್ಮಿ ಬಿದ್ದಿದ್ವು, ಸರ್ ನನ್ನ ಕೈಲೆ ಆಗೂದಿಲ್ಲ್ರಿ ಅಂದೆ, ಎದ್ದು ನಿಲ್ಲಾಕ ಬರವಲ್ದು ಅಂದೆ, ನಾಟಕ ಮಾಡಬ್ಯಾಡ ಅಂದ, ಎಲ್ಲಾ ಹುಡುಗ್ಯಾರ ಮುಂದ, ಊರ ಮಂದಿ ಬೆನ್ನು ಒದ್ದು ನೆಟ್ಟಗ ಮಾಡತಿ, ನಿನ್ನ ಮಣಕಾಲು ನೀ ನೆಟ್ಟಗ ಮಾಡಕೊಳ್ಳಾಕ ಬರೂದಿಲ್ಲೇನು ಅಂದ, ಹುಡುಗ್ಯಾರು ನಕ್ರು, ಸುವರ್ಣಾ ಸಹಿತ ನಕ್ಕಳು, ನನ್ನ ಬಾಜೂಕ ಕುಂದ್ರತಿದ್ದಾಕಿ. ಥಂಡ ಸ್ಪ್ರೇ ಹೊಡದ, ತನ್ನ ದಸ್ತಿ ತಗದು ಬಿಗದು ಕಟ್ಟಿದ, ಓಡು ಅಂದ, ಓಡಿದೆ, ಮಾಸ್ತರ ಹೇಳಿದ ಮ್ಯಾಲೆ ಓಡಲಾರದ ಏನು ಮಾಡ್ಲಿ, ಮೂಗಿಲೆ ತಗೊಂಡೆ ಬಾಯಿಲೆ ಬಿಟ್ಟೆ, ಎರಡನೇ ಸುತ್ತಿಗೆ ಮಣಕಾಲು ಒಳಗ ಎರಡು ತುಂಡಾಗಿ ಒಂದರ ಮ್ಯಾಲೊಂದು ಜಾರಾಕತ್ತಿತು, ಎರಡನೇದಾಕಿ ಆಗಿ ಗೆರಿ ದಾಟಿ ಸುಣ್ಣದ ಮ್ಯಾಲೆ ಬಿದ್ದೆ. ಮೂರು ಪಾಯಿಂಟ್ ಬಂದ್ವು, ಶೀಲ್ಡ್ ಬಂತು, ಫೋಟೋ ಆತು, ಆ ಫೋಟೋದಾಗ ನಾ ಇಲ್ಲ. ಅದನ್ನ ನುಂಗಿಕೊಳ್ಳತಿದ್ದೆ ನಾ, ಮಾಸ್ತರಂದ್ರ ಒಮ್ಮೊಮ್ಮೆ ತಪ್ಪತಾರ, ಆದ್ರ ಸ್ಕೂಟರ್ ಮ್ಯಾಲೆ ಕುಬಿಹಾಳಕ್ಕ ಮನಿಗೆ ತಂದು ಇಳಿಸಿ, ಹೊಸ್ತಲದಾಗ ನಿಂತು ನಮ್ಮಮ್ಮಗ ಏನು ಹೇಳಿದ, ನಿನ್ನೆ ಮನ್ಯಾಗ ಬಿದ್ದಿದ್ಲಂತ್ರಿ, ಹೇಳಿರಲಿಲ್ಲ, ಹೇಳಿದ್ರ ನಾ ಓಡಸ್ತಿದ್ನೇನ್ರಿ ಅಂದ. ನಾ ಮನ್ಯಾಗ ಬಿದ್ದಿಲ್ಲಮ್ಮಾ ಅಂದೆ, ಅಮ್ಮಾ ಮೆಣಸಿನಕಾಯಿ ತೊಟ್ಟು ಮುರಿಯೂ ಕೂಲಿಯಿಂದ ಆಗಷ್ಟ ಬಂದಿದ್ಲು, ಕೈ ಸಹಿತ ತೊಳದಿರಲಿಲ್ಲ, ಅದ ಕೈಲೆ ಕಪಾಳಕ್ಕ ಹೊಡದ್ಲು, ಸರ್ ಸುಳ್ಳು ಹೇಳತಾರೇನ, ಎಲ್ಲೆ ಬಿದ್ದಿ ಮುಚ್ಚಿಟ್ಟು ಅಂತ, ಖಾರ ಕಣ್ಣಿಗೆ ಹತ್ತಿ ಎರಡು ದಿನ ಉರೀತು. ಎರಡು ವರ್ಷ ಕುಂಟಿದೆ, ಸರ್ಕಾರಿ ದವಾಖಾನ್ಯಾಗ ಒಬ್ಬ ಮುದುಕ ಟಾವೆಲ್ ಸುತ್ತಿ ಮಣಕಾಲ ಕೆಳಗಿಟ್ಟು, ಒತ್ತವ್ವಾ, ಐದು ಎಣಸು, ಬಿಡು, ಅಂತ ದಿನಾ ಕಲಿಸಿದ, ಆ ಟಾವೆಲ್ಲಿನಿಂದ ಶುರುವಾಗಿ ಈ ಬಿಳಿ ಕೋಟಿನ ತನಕ ಬಂದೀನಿ, ಬರೂ ಹಾದಿ ತುಂಬ ಇಂವನ ಮಾರಿ ಕಣ್ಣ ಮುಂದ ಇಟ್ಟುಕೊಂಡೇ ಬಂದೀನಿ.

ಮೇಡಂ ಅಂತಾನ ಈಗ, ಗಡಿಯಾರ ಒಂಬತ್ತು ಹದಿನೇಳು, ಇಲ್ಲೆ ಸುತ್ತಮುತ್ತ ಕಾಲ ಮುಂದಾಗಿ ಹುಟ್ಟಿದಾಕಿ ಒಬ್ಬಾಕಿ ಇದ್ಲ್ರಿ, ನಮ್ಮ ಸಾಲ್ಯಾಗ ಕಲೀತಿದ್ಲು, ಹೆಸರು ನೆನಪಿಲ್ಲ, ಆಕಿ ಒದ್ರ ಎಂಥಾ ಟೊಂಕ ಇದ್ರೂ ಬಿಡತಿತ್ತು, ನಾನೂ ಒಮ್ಮೆ ಒದಿಸಿಕೊಂಡಿದ್ದೆ, ಆಕಿ ಇದ್ರ ಕರಸ್ರಿ, ಈ ನಿಮ್ಮ ಬೆರಳು ಎತ್ರಿ ಇಳಸ್ರಿ ಅನ್ನೂದಕ್ಕಿಂತ ಅದು ಚಲೋ. ಹೆಸರು ನೆನಪಿಲ್ಲ. ಕಾಲು ನೆನಪೈತಿ, ಹೆಸರು ನೆನಪಿಲ್ಲ, ಮಣಕಾಲಂತೂ ಇಂವನ ನೆನಪಿನ್ಯಾಗ ಹುಟ್ಟೇ ಇಲ್ಲ. ಆಗ ಅಮ್ಮಾ ಚಾ ತಗೊಂಡು ಒಳಗ ಬಂದ್ಲು, ಹೊರಗಿನ ಖೋಲಿಯಾಗ ಬಿಸಿನೀರಿನ ಚೀಲಾ ತುಂಬಕೊಂತ ಕುಂದ್ರತಾಳ ದಿನಾ, ಬಂದಾಕಿನ ಅಂಗಾತ ಮಲಗಿದ ಮಾರಿ ನೋಡಿ, ಸರ್ ಅಲ್ರಿ ನೀವು ಅಂದ್ಲು, ಕಪ್ಪು ಇಟ್ಟು ಎರಡೂ ಕೈಲೆ ಸಲಾಮ್ ಮಾಡಿದ್ಲು, ಇಂವನ ಕಾಲಿನ ಕಡೆ ನಿಂತು, ನಾ ಮಲಿಕಾಬಿ ರೀ, ಕುಬಿಹಾಳದಾಕಿ, ನಾಜಮೀನಳ ತಾಯಿ, ನೀವು ಸ್ಕೂಟರ್ ಮ್ಯಾಲೆ ತಂದು ಬಿಟ್ಟಿದ್ರಲ್ರಿ, ನಿಮ್ಮ ಉಪಕಾರ ಮರ್ತಿಲ್ಲ್ರಿ ನಾವು, ಆಕಿನ ನೋಡ್ರಿ ಈಕಿ, ಡಾಕ್ಟರ್ ಆಗ್ಯಾಳ. ಇಂವ ಕತ್ತು ಹೊಳ್ಳಿಸಿ ನೋಡಿದ, ನಾ ಚಷ್ಮಾ ತಗದೆ, ಬೇಕಂತನ ತಗದೆ, ನೋಡ್ಲಿ ಅಂತ, ಹೆದರಲಿ ಅಂತ. ಹೆದರಲಿಲ್ಲ. ಮಾರಿ ತುಂಬ ನಕ್ಕ, ಅರೇ ನಾಜಮೀನ್, ನೀನೇನ, ಎಂಟುನೂರು ಮೀಟರ್, ಭಾಳ ಚಲೋ ಓಡತಿದ್ದಿ, ನೀ ಮನ್ಯಾಗ ಬಿದ್ದು ಹಾಳು ಮಾಡಕೊಂಡಿ, ಇಲ್ಲಂದ್ರ ರಾಜ್ಯಕ್ಕ ಒಯ್ತಿದ್ದೆ ನಿನ್ನ. ಅಮ್ಮಾ ತಲಿ ಅಲ್ಲಾಡಿಸಿದ್ಲು, ಹೌದ್ರಿ ಸರ್, ಆಕಿ ಹಣೇಬರ. ಇಪ್ಪತ್ತೆರಡು ವರ್ಷ ಇಂವ ಆ ಸುಳ್ಳನ್ನ ನೀರು ಹಾಕಿ ಸಾಕ್ಯಾನ, ಈಗ ಅದು ಇಂವಗ ಖರೇ ಆಗೈತಿ, ನನ್ನ ಮನಿ ಹೊಸ್ತಲದಾಗ ಇಟ್ಟು ಹೋದದ್ದು ಇವತ್ತು ನನ್ನ ದವಾಖಾನ್ಯಾಗ ತಂದು ಮತ್ತ ನನ್ನ ಮುಂದ ಇಟ್ಟಾನ, ಮತ್ತ ನಮ್ಮಮ್ಮನ ಕೈಲೇ ಹೂಂ ಅನಿಸ್ಯಾನ. ಅಮ್ಮಾನೇ ಅಂದ್ಲು, ಬೇಟಾ, ಒದಿ, ಸರ್ ಕೇಳಾಕತ್ತಾರ, ನಿನ್ನ ಕಾಲಾಗ ಬರಕತ್ತು ಐತಿ, ಇಂವ ಮಂಚದ ಅಂಚು ಹಿಡಕೊಂಡು ನರಳಿಕೊಂತ ತಾನ ಬ್ವಾರಲ ಆದ, ಅಂಗಿ ಮ್ಯಾಲೆ ಎತ್ತಿದ, ಜೋರಾಗೇ ಹಾಕವಾ, ಸಂಕೋಚ ಮಾಡಬ್ಯಾಡ ಅಂದ.

ಚಪ್ಪಲಿ ಬಿಟ್ಟೆ, ಸ್ಟೂಲ್ ಹತ್ತಿದೆ, ಬಲಗಾಲಿನ ಮ್ಯಾಲೆ ನಿಂತೆ, ಇಂವ ಮುರದ ಮಣಕಾಲು ನನ್ನ ಪೂರಾ ಭಾರ ಹೊತಗೊಂಡು ಗಡಗಡ ಅಂತು, ನಿಂತಿತು, ಎಡಗಾಲು ಎತ್ತಿದೆ. ಬೆಳ್ಳನ ಬೆನ್ನು, ಬೆವರು ಆರಿ ಉಪ್ಪು ಹತ್ತೈತಿ, ನಾಕನೇ ಮಣಿ ಐದನೇ ಮಣಿ ಎಲ್ಲಿ ಅದಾವ ಅಂತ ಕಣ್ಣು ಮುಚ್ಚಿದ್ರೂ ನನ್ನ ಹಿಮ್ಮಡಕ್ಕ ಗೊತ್ತು, ಎಷ್ಟು ಜೋರು ಬೇಕು ಅದೂ ಗೊತ್ತು, ಭಾಳ ಬ್ಯಾಡ, ಒಂದು ತೆಂಗಿನಕಾಯಿ ಒಡ್ಯಾಕ ಬೇಕಾದಷ್ಟು, ಆ ಮ್ಯಾಲೆ ಯಾವ ಆಪರೇಶನ್ನೂ ಬ್ಯಾಡ, ಕೇಳಿದಾಂವ ಇಂವನ, ಒದಿ ಅಂದಾಕಿ ನಮ್ಮಮ್ಮ, ಊರ ನಂಬಿಗಿ, ನನ್ನ ಯಾರು ಏನು ಅಂತಾರ, ಯಾವ ಕಾಗದದಾಗೂ ಬರೂದಿಲ್ಲ, ಮಂಚದಾಚೆ ಕಾಲು ಎರಡೂ ಜೋತು ಬಿದ್ದಾವ, ಹೆಬ್ಬೆರಳು ನೆಲಾ ನೋಡಾಕತ್ತೈತಿ. ಒಂದು — ಹಿಮ್ಮಡ ಮುಟ್ಟಿಸಿದೆ, ಬರೇ ಮುಟ್ಟಿಸಿದೆ, ಎರಡು — ಚರ್ಮ ಥಣ್ಣಗೈತಿ, ಕೆಳಗ ಎಲುಬು ಕೈಗೆ ಸಿಕ್ಕ ಕಲ್ಲಿನಂಗ ಸಿಕ್ತು, ಮೂರನೇದಕ್ಕ ಕಾಲು ಮ್ಯಾಲೆ ಹೋತು, ಇದಕ್ಕ ಕಾದದ್ದು ನಾ, ಇದಕ್ಕ ದರ್ಗಾದಾಗ ಬೇಡಿದ್ದು, ಅಮ್ಮಾ ಬಾಯಾಗ ಏನೋ ಓದಕೊಂತ ನಿಂತಾಳ, ಇಂವಗ ಒಳ್ಳೇದಾಗಲಿ ಅಂತ, ಹ್ಞಾಂ ಹಾಕವಾ ಅಂತಾನ ಇಂವ, ಮಣಕಾಲು ಸುಡಾಕತ್ತೈತಿ. ಬ್ಯಾಡ. ದಯಾ ಅಲ್ಲ ಇದು, ಮಾಫಿ ಅಲ್ಲ, ಯಾರೂ ಹಂಗ ತಿಳಕೋಬಾರದು, ನಾ ಒದ್ರ ನಾಳೆ ಇಂವ ನನ್ನ ಮ್ಯಾಲೆ ಹಾಕತಾನ, ಕುಬಿಹಾಳದ ಹುಡುಗಿ ಒದ್ದು ಕೆಡಿಸಿದ್ಲು ಅಂತಾನ, ಹಾಸಿಗ್ಯಾಗ ಮಲಕೊಂಡು ಬಂದವರಿಗೆಲ್ಲಾ ಹೇಳತಾನ, ಅದೂ ಇಂವಗ ಖರೇ ಆಗತೈತಿ. ಇಂವನ ಕಾಲು ಹೋದ್ರ ಇಂವ ತುಳದ ಸೈಕಲ್ಲಿನಿಂದ ಹೋಗಬೇಕು, ಇಂವ ಸೀಟು ಸೀಟು ಅಂದದ್ದಕ್ಕ ಹೋಗಬೇಕು, ಅದರಾಗ ನನ್ನ ಕಾಲಿನ ಹೆಸರು ಒಂದಕ್ಷರ ಬರಬಾರದು. ಕಾಲು ಇಳಸಿದೆ. ಆತೇನು, ಎರಡಾತಲ್ಲ ಅಂದ, ಎಣಿಸ್ಯಾನ, ಮೂರನೇದು ಬಾಕಿ ಐತ್ರಿ ಸರ್ ಅಂದೆ.

ಒಂಬತ್ತು ಇಪ್ಪತ್ನಾಕಕ್ಕ ಚೀಟಿ ಪುಸ್ತಕ ತಗದೆ, ಹನ್ನೊಂದು ನಿಮಿಷ ನಾ ಇಂವನಿಂದ ತಗೊಂಡೆ, ಹನ್ನೊಂದೇ, ಯಾರಿಗೂ ಗೊತ್ತಾಗೂದಿಲ್ಲ, ನನಗ ಗೊತ್ತೈತಿ, ಅದರಿಂದ ಎಷ್ಟು ಕೆಟ್ಟಿತು ಅಂತ ಆ ದೇವರೂ ಹೇಳಲಾರ, ಇರಲಿ, ಅವು ನನ್ನವು. ಕಿರಣಕುಮಾರನ್ನ ಒಳಗ ಕರದೆ, ಗಾಡಿ ತರಸ್ರಿ, ಕುಂದರಿಸಿ ಒಯ್ಯಬ್ಯಾಡ್ರಿ, ಮಲಗಿಸೇ ಒಯ್ರಿ, ಹುಬ್ಬಳ್ಳಿಗೆ ನೆಟ್ಟಗ, ದಾರ್ಯಾಗ ಎಲ್ಲೂ ನಿಲ್ಲಿಸಬ್ಯಾಡ್ರಿ, ಇವತ್ತ ಬೆನ್ನು ಕೊಯ್ಯಬೇಕಾಗತೈತಿ, ಫೋನ್ ನಾ ಮಾಡತೀನಿ. ಕೊಯ್ಯೂದು ಅಂದ ಕೂಡಲೇ ಇಂವನ ನಗಿ ಇಳೀತು, ಇಬ್ಬರೂ ಕೂಡಿ ನಿಧಾನಕ್ಕ ಮತ್ತ ಅಂಗಾತ ಮಾಡಿದ್ವಿ, ಕಿರಣಕುಮಾರ ಗಾಡಿ ಹುಡುಕಾಕ ಓಡಿದ, ನಾ ಬರೀಕತ್ತೆ, ಹೆಸರು, ವಯಸ್ಸು ಅರವತ್ನಾಕು, ಬಿದ್ದದ್ದು ಎಲ್ಲಿ ಯಾವಾಗ ಅನ್ನೂ ಸಾಲಿಗೆ ಬಂದು ಪೆನ್ನು ನಿಲ್ಲಿಸಿದೆ, ಗೊತ್ತಿದ್ದೂ ಕೇಳಿದೆ, ಎಲ್ಲೆ ಬಿದ್ರಿ ಸರ್. ಇಂವ ದನಿ ಸಣ್ಣದು ಮಾಡಿದ, ಸೈಕಲ್ ಅಂತ ಬರೀಬ್ಯಾಡವಾ, ಅರವತ್ತಾದ ಮ್ಯಾಲೆ ಸೈಕಲ್ ಮುಟ್ಟಿದ್ರ ನೋಡು ಅಂತ ಮಗಾ ಜಗಳಾ ತಗದಾನ, ಮಾರಿಬಿಡತಾನ ಅದನ್ನ, ಮನ್ಯಾಗ ಬಿದ್ದಾರ ಅಂತ ಬರಿ, ನಿನ್ನೆ ಮನ್ಯಾಗ ಬಿದ್ದಿದ್ರಂತ, ಹೇಳಿರಲಿಲ್ಲ ಅಂತ ಬರದು ಬಿಡು. ಅದ ಮಾತು, ಅದ ದನಿ, ಹೊಸ್ತಲದಾಗ ನಿಂತು ಅಂದಂಗ, ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ. ಅಮ್ಮಾ ಆರಿದ ಚಾ ಕಪ್ಪು ತಗೊಳ್ಳಾಕ ಬಗ್ಗಿದ್ಲು, ಬಗ್ಗಿದಾಕಿ ಏಳಲಿಲ್ಲ, ಕಪ್ಪಿನ ಕಿವಿ ಹಿಡಕೊಂಡು ಹಂಗ ನಿಂತ್ಲು, ಇಂವನ ಮಾರಿ ನೋಡಿದ್ಲು, ಆಮ್ಯಾಲೆ ನನ್ನ ಮಣಕಾಲು ನೋಡಿದ್ಲು, ಬೇಟಾ, ಅವತ್ತು ನೀ ಎಲ್ಲೆ ಬಿದ್ದಿದ್ದಿ ಅಂದ್ಲು.

ಇಪ್ಪತ್ತೆರಡು ವರ್ಷಕ್ಕ ಕೇಳಿದ್ಲು, ನಾ ಚೀಟಿ ಮ್ಯಾಲೆ ಬರದೆ, ಬರದದ್ದನ್ನ ದೊಡ್ಡ ದನಿಲೆ ಓದಿದೆ, ಸೈಕಲ್ ಮ್ಯಾಲಿಂದ ಬಿದ್ದದ್ದು, ಕುಬಿಹಾಳ ರಸ್ತಾ, ಇವತ್ತು ಮುಂಜಾನೆ, ಮನ್ಯಾಗ ಅಲ್ಲ, ನಿನ್ನೆ ಅಲ್ಲ, ನಾಜಮೀನ್ ಅಂತ ಸಹಿ ಹಾಕಿದೆ, ಪೂರಾ ಹೆಸರು, ಇನ್ನ ಮ್ಯಾಲರ ನೆನಪಿರಲಿ. ಇಂವ ಬಾಯಿ ತಗದು ಅಮ್ಮನ ಕಡೆ ನೋಡತಾನ, ಅಮ್ಮಾ ಕಪ್ಪು ಬಿಟ್ಟು ತನ್ನ ಬಲಗೈ ನೋಡಿಕೊಳ್ಳಾಕತ್ತಾಳ, ಅಂಗೈ ಹೊಳ್ಳಿಸಿ ಹೊಳ್ಳಿಸಿ, ಖಾರ ಇನ್ನೂ ಹತ್ತೈತೇನೋ ಅನ್ನೂವಂಗ ಸೀರಿ ಸೆರಗಿಗೆ ಒರಸಾಕತ್ತಾಳ, ಒರಸ್ಲಿ, ಈಗ ನಾ ಬ್ಯಾಡ ಅನ್ನೂದಿಲ್ಲ. ಹೊರಗ ಗಾಡಿ ಬಂತು, ಹಾರ್ನ್ ಹೊಡದ್ರು, ಒಂದು ಸಾಲು ಖಾಲಿ ಐತಿ ಚೀಟ್ಯಾಗ, ಕಳಸೂ ಮುಂದ ಬೆರಳಿನ ಶಕ್ತಿ ಎಷ್ಟಿತ್ತು ಅಂತ ಬರೀಬೇಕು, ಮಂಚದ ತುದಿಗೆ ಹೋಗಿ ನಿಂತೆ, ಹೆಬ್ಬೆರಳು ಎತ್ರಿ ಸರ್, ಬರವಲ್ದವಾ, ಎತ್ರಿ, ಆಗವಲ್ದು ನಾಜಮೀನ್, ಖರೇನ ಆಗವಲ್ದು, ಕಣ್ಣಾಗ ನೀರು ಬಂದಾವ ಇಂವಗ, ನಾಟಕ ಮಾಡಬ್ಯಾಡ್ರಿ ಸರ್ ಅಂತೀನಿ, ಅಮ್ಮಾ ಕೇಳೂವಂಗ ಅಂತೀನಿ, ಎತ್ರಿ — ಹೆಬ್ಬೆರಳು, ಚಂದಂಗ ಕತ್ತರಿಸಿದ ಉಗುರು, ಎತ್ರಿ — ಬೆಳ್ಳನ ಉಗುರು, ಹೆಬ್ಬೆರಳು, ಏಳವಲ್ದು, ಹೆಬ್ಬೆರಳು ಏಳವಲ್ದು